ಪ್ರತಿಕೃತಿಗೃಹಗಳಲ್ಲಿ ವಿವರಗಳ ಔಚಿತ್ಯ

ರೈಲುಬಂಡಿಯ ಕಿರಿಯ ಆಕೃತಿಗಳನ್ನು ರಚಿಸಿ, ಅವುಗಳಿಗೆ ತಕ್ಕ ಹಳಿ, ನಿಲ್ದಾಣ, ಸೇತುವೆ, ಊರುಗಳನ್ನು ಹಲಗೆಯ ಮೇಲೆ ಹರಡಿ ಓಡಿಸುವ ಹವ್ಯಾಸವು ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಮೇಲುನೋಟಕ್ಕೆ ಇದು ಮಕ್ಕಳಾಟವೆಂದು ತೋರಬಹುದು. ಆದರೆ ಈ ಕಲೆಯ ಒಂದು ಅಂಗ ವಿದ್ಯಾವಂತರ ಗಮನಕ್ಕೆ ಅರ್ಹವಾದದ್ದು. ಅದು ಓಡುವ ಬಂಡಿಯದಲ್ಲ. ಹಳಿಯ ಬದಿಯಲ್ಲಿ ಅಲುಗಾಡದೆ ನಿಂತ ಮನೆಯದು. ಅಂತಹ ಮನೆಯ ಪ್ರತಿಕೃತಿಯಲ್ಲಿ ವಿವರಗಳನ್ನು ಹೇಗೆ, ಎಷ್ಟು, ಏಕೆ ತುಂಬಬೇಕೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲನೆಯದು ಪ್ರಮಾಣ. ಇಂಗ್ಲೆಂಡಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣದಂತೆ ನಿಜವಸ್ತುವಿನ ಒಂದು ಅಡಿಗೆ ಪ್ರತಿಕೃತಿಯಲ್ಲಿ ೪ ಮಿಲಿಮೀಟರು. ಎಂದರೆ ಸುಮಾರು ೧:೭೬. ಯೂರೋಪು ಖಂಡದಲ್ಲಿಯೂ ಅಮೆರಿಕದಲ್ಲಿಯೂ ೧:೮೭ ರೂಢಿಯಲ್ಲಿದೆ. ಒಮ್ಮೆ ಪ್ರಮಾಣವನ್ನು ಅಂಗೀಕರಿಸಿದ ಮೇಲೆ ಅದು ಛಂದಸ್ಸಿನಂತೆ. ಒಂದು ಗಣ ಕೆಟ್ಟರೂ ಪದ್ಯ ಮುಗ್ಗರಿಸುತ್ತದೆ. ಆರೂವರೆ ಅಡಿ ಎತ್ತರದ ಬಾಗಿಲು ೨೬ ಮಿಲಿಮೀಟರಾಗುತ್ತದೆ. ಅದನ್ನು ೩೦ ಮಿಲಿಮೀಟರು ಮಾಡಿದರೆ, ಪಕ್ಕದಲ್ಲಿ ನಿಂತ ೨೩ ಮಿಲಿಮೀಟರಿನ ಮನುಷ್ಯನು ಒಡನೆಯೇ ಕುಬ್ಜನಾಗುತ್ತಾನೆ. ನೋಡುವವನಿಗೆ ಅಳತೆಯ ಲೆಕ್ಕ ತಿಳಿಯದಿರಬಹುದು. ಎಲ್ಲಿಯೋ ತಪ್ಪಿದೆಯೆಂಬುದು ಮಾತ್ರ ಕಣ್ಣಿಗೆ ತಿಳಿದೇ ತಿಳಿಯುತ್ತದೆ.

ಎರಡನೆಯದು ರಚನಾಜ್ಞಾನ. ಇಂಗ್ಲೆಂಡಿನ ಹಳೆಯ ಗೋಡೆಯಲ್ಲಿ ಒಂದು ಇಟ್ಟಿಗೆ, ಗಾರೆಯೂ ಸೇರಿ, ಸುಮಾರು ೯ ಅಂಗುಲ ಉದ್ದ, ೩ ಅಂಗುಲ ಎತ್ತರ. ಇದು ಪ್ರತಿಕೃತಿಯಲ್ಲಿ ೩ ಮಿಲಿಮೀಟರಿಗೆ ೧ ಮಿಲಿಮೀಟರು. ಇಟ್ಟಿಗೆಯನ್ನು ಗೋಡೆಗೆ ಅಡ್ಡಲಾಗಿಟ್ಟಾಗ ಕಾಣುವ ತಲೆ ಒಂದೂವರೆ ಮಿಲಿಮೀಟರು. ಉದ್ದದ ಮುಖ, ತಲೆ, ಮತ್ತೆ ಉದ್ದದ ಮುಖ ಎಂದು ಸಾಲಾಗಿ ಕಟ್ಟಿದ ೧೫ ಅಡಿ ಅಗಲ, ೯ ಅಡಿ ಎತ್ತರದ ಒಂದು ಗೋಡೆಯಲ್ಲಿಯೇ ಸುಮಾರು ೯೬೦ ಇಟ್ಟಿಗೆಗಳು ಕಾಣುತ್ತವೆ. ರಟ್ಟಿನ ಮೇಲೆ ಅಷ್ಟನ್ನೂ ಗೀರಿ ತೋರಿಸಬೇಕು. ಇಲ್ಲಿ ತಲೆಗಳನ್ನು ಬಿಟ್ಟು ಬರಿಯ ಉದ್ದದ ಮುಖಗಳನ್ನೇ ಗೀರಿದರೆ ಶ್ರಮವೇನೋ ಕಡಿಮೆಯಾಗುತ್ತದೆ. ಆದರೆ ಮನೆಯ ಚರಿತ್ರೆಯೇ ಬದಲಾಗುತ್ತದೆ. ಏಕೆಂದರೆ ತಲೆ ಕಾಣದ ಗೋಡೆ ಸಾಮಾನ್ಯವಾಗಿ ಅರ್ಧ ಇಟ್ಟಿಗೆಯ ದಪ್ಪದ ತೆಳುಗೋಡೆ. ಇಲ್ಲವೆ ಎರಡು ಪದರಗಳ ನಡುವೆ ಪೊಳ್ಳನ್ನು ಬಿಟ್ಟು ಕಟ್ಟಿದ ಈಚಿನ ಕಾಲದ ಗೋಡೆ. ಒಂದೂವರೆ ಮಿಲಿಮೀಟರಿನ ಗೀರು ಕಟ್ಟಡದ ಕಾಲವನ್ನೇ ಹೇಳುತ್ತದೆಂಬುದು ಚಿಂತನಾರ್ಹ.

ಮೂರನೆಯದು ಔಚಿತ್ಯ. ಕಾವ್ಯದಲ್ಲಿ ಅಲಂಕಾರ ಎಷ್ಟಿದ್ದರೂ ಔಚಿತ್ಯವಿಲ್ಲದಿದ್ದರೆ ಅದು ನಿರ್ಜೀವವೆಂಬುದು ಕ್ಷೇಮೇಂದ್ರನ ಸಿದ್ಧಾಂತ. ಪ್ರತಿಕೃತಿಯ ಕಲೆಗೂ ಇದು ಯಥಾವತ್ತಾಗಿ ಅನ್ವಯಿಸುತ್ತದೆ. ನಿಜದಲ್ಲಿ ಅರ್ಧ ಅಂಗುಲದ ಗಾರೆಯ ಗೆರೆ ಪ್ರತಿಕೃತಿಯಲ್ಲಿ ಮಿಲಿಮೀಟರಿನ ಆರನೆಯ ಒಂದು ಪಾಲನ್ನು ಮೀರದು. ವಿವರ ಎದ್ದು ಕಾಣಲೆಂದು ಆಳವಾಗಿ ಕೊರೆದರೆ, ಇಟ್ಟಿಗೆಯ ಗೋಡೆ ಒರಟುಗಲ್ಲಿನ ಗೋಡೆಯಾಗಿ ಪರಿಣಮಿಸುತ್ತದೆ. ಬಣ್ಣದಲ್ಲಿಯೂ ಹಾಗೆಯೇ. ದೂರದ ವಸ್ತುವಿನ ವರ್ಣ ಗಾಳಿಯ ಮುಸುಕಿನಿಂದ ಮಂದವಾಗಿ ಕಾಣುತ್ತದೆ. ಕಿರುಮನೆಯನ್ನು ನೋಡುವವನು ವಾಸ್ತವವಾಗಿ ದೂರದ ಮನೆಯನ್ನು ನೋಡುತ್ತಿರುವಂತೆ ಭಾವಿಸುವುದರಿಂದ, ಅಚ್ಚ ಕಪ್ಪನ್ನೂ ಅಚ್ಚ ಬಿಳುಪನ್ನೂ ವರ್ಜಿಸಿ ಎಲ್ಲ ವರ್ಣಗಳನ್ನೂ ತುಸು ತಗ್ಗಿಸಬೇಕು. ಆದರೆ ತಗ್ಗಿಸಬಾರದ ವಿವರಗಳೂ ಉಂಟು. ಕಿಟಕಿಯ ಚೌಕಟ್ಟು ಗೋಡೆಯ ಮುಖಕ್ಕೆ ಸಮನಾಗಿ ಅಂಟಿರದೆ ಒಂದೂವರೆ ಮಿಲಿಮೀಟರಿನಷ್ಟು ಒಳಸರಿದಿದ್ದರೆ ಮಾತ್ರ ಅಲ್ಲಿ ನೆರಳು ಬಿದ್ದು ಗೋಡೆಗೆ ದಪ್ಪ ಬರುತ್ತದೆ. ಮನೆಯ ಬುಡವು ನೆಲದ ಮೇಲೆ ಇಟ್ಟಂತಿರದೆ, ನೆಲದೊಳಗಿಂದ ಎದ್ದಂತಿರಬೇಕು. ಇಲ್ಲವಾದರೆ ಉಳಿದೆಲ್ಲ ಕುಶಲತೆಯೂ ವ್ಯರ್ಥ.

ನಾಲ್ಕನೆಯದು ಕಾರ್ಯಕಾರಣಭಾವ. ಹಳೆಯ ಮನೆಯೆಂದು ತೋರಿಸಲು ಕೆಲವರು ಎಲ್ಲೆಡೆಯೂ ಕೊಳೆಯನ್ನು ಬಳಿಯುತ್ತಾರೆ. ಆದರೆ ಕಾರಣವಿಲ್ಲದ ಕೊಳೆ ಲೋಕದಲ್ಲಿಲ್ಲ. ಕಿಟಕಿಯ ಹಾಸುಗಲ್ಲಿನ ಎರಡು ತುದಿಗಳಿಂದ ಮಳೆನೀರು ಇಳಿಯುವಲ್ಲಿ ನೀಳವಾದ ಕಲೆ. ಸೂರಿನ ದೋಣಿ ಸೋರುವಲ್ಲಿ ಪಾಚಿಯ ಹಸುರು. ನೀರು ಸಿಡಿಯುವ ಬುಡದಲ್ಲಿ ಮಣ್ಣಿನ ಬಣ್ಣ. ಹೊಗೆಗೂಡಿನ ತುದಿಯಲ್ಲಿ ಮಸಿ. ಬಿಸಿಲು ಕಡಿಮೆ ಬೀಳುವ ಉತ್ತರದ ಇಳಿಜಾರಿನಲ್ಲಿ ಪಾಚಿ. ಹೀಗೆ ಪ್ರತಿಯೊಂದು ಕಲೆಯ ಹಿಂದೆಯೂ ಗಾಳಿ, ನೀರು, ಬೆಂಕಿ, ಬಿಸಿಲುಗಳ ವ್ಯಾಪಾರವಿದೆ. ಅದನ್ನು ಅರಿತು ಬಳಿದ ಒಂದು ಗೆರೆ, ಅರಿಯದೆ ಬಳಿದ ಹತ್ತು ಗೆರೆಗಳಿಗಿಂತ ಮೇಲು.

ಇಷ್ಟು ಶ್ರಮದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವನ್ನು ರಾಯ್ ಇಂಗ್ಲೆಂಡ್ ಎಂಬಾತನ ಬಾಳಿನಲ್ಲಿ ಕಾಣಬಹುದು. ಆಸ್ಟ್ರೇಲಿಯಾದವನಾದ ಈತ ೧೯೨೫ರಲ್ಲಿ ಇಂಗ್ಲೆಂಡಿಗೆ ಬಂದನು. ರೈಲುಗಳಲ್ಲಿ ಆಸಕ್ತನಾಗಿದ್ದ ಅವನ ಮನಸ್ಸನ್ನು ಶ್ವೇತಾಶ್ವದ ಕಣಿವೆಯ ಹಳ್ಳಿಗಳು ಸೆಳೆದವು. ಸುಣ್ಣಕಲ್ಲಿನ ಗುಡ್ಡದ ಮೇಲೆ ಪ್ರಾಚೀನರು ಬರೆದ ಬಿಳಿಯ ಕುದುರೆಯ ಬೃಹದಾಕೃತಿಯಿಂದ ಆ ಪ್ರದೇಶಕ್ಕೆ ಈ ಹೆಸರು. ಮರದ ಚೌಕಟ್ಟು, ಇಟ್ಟಿಗೆ, ಸುಣ್ಣಕಲ್ಲು, ಹುಲ್ಲುಹೊದಿಕೆಗಳ ಅಲ್ಲಿನ ಮನೆಗಳು ಒಂದೊಂದಾಗಿ ಕೆಡವಲ್ಪಡುತ್ತಲೂ, ಹೊಸ ಹೊದಿಕೆ ಪಡೆದು ರೂಪಗೆಡುತ್ತಲೂ ಇದ್ದವು. ಅವುಗಳನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಆದುದರಿಂದ ಅವುಗಳನ್ನು ಅಳೆದು, ಚಿತ್ರಿಸಿಕೊಂಡು, ರಟ್ಟಿನಲ್ಲಿ ಕತ್ತರಿಸಿ, ಇಟ್ಟಿಗೆಗಳನ್ನು ಒಂದೊಂದಾಗಿ ಗೀರಿ ಜಲವರ್ಣದಲ್ಲಿ ತುಂಬಿ, ಅಡಿಗೆ ೪ ಮಿಲಿಮೀಟರಿನಂತೆ ಉಳಿಸತೊಡಗಿದನು. ೧೯೫೪ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಅವನು ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯವು ೧೯೨೦ ಮತ್ತು ೧೯೩೦ರ ದಶಕಗಳ ಗ್ರಾಮಜೀವನವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ೧೯೯೫ರಲ್ಲಿ ಅವನು ತೀರಿಕೊಂಡ ಮೇಲೆಯೂ ಕೆಲಸವನ್ನು ಇತರರು ಮುಂದುವರಿಸಿದರು.

ಅದೇ ಸಂಗ್ರಹಾಲಯದಲ್ಲಿ ಜಾನ್ ಅಹರ್ನ್ ಎಂಬಾತ ರಚಿಸಿದ ಮ್ಯಾಡರ್ ಕಣಿವೆಯ ರೈಲುಮಾರ್ಗವನ್ನೂ ಇರಿಸಲಾಗಿದೆ. ಅದು ಅವನ ಕಲ್ಪನೆಯ ಸೀಮೆ. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ಒಂದರದು ಉತ್ಪಾದ್ಯ ವಸ್ತು, ಇನ್ನೊಂದರದು ಪ್ರಖ್ಯಾತ ವಸ್ತು. ಕಲ್ಪಿತ ಮನೆಗೆ ಕಲ್ಪಿತ ಕಿಟಕಿ ದೋಷವಲ್ಲ. ಅಲ್ಲಿ ನಂಬುವಂತಿದ್ದರೆ ಸಾಕು. ಆದರೆ ಅಳಿದುಹೋದ ಮನೆಗೆ ಸಾಕ್ಷಿಯಾಗಿ ನಿಲ್ಲುವ ಪ್ರತಿಕೃತಿಯಲ್ಲಿ, ಕಾಣದ ಹಿಂಬದಿಗೆ ತೋಚಿದಂತೆ ಒಂದು ಕಿಟಕಿ ಇಟ್ಟರೆ ಅದು ಸುಳ್ಳುಸಾಕ್ಷಿ. ನಿಜವಾದ ಮನೆ ಇಲ್ಲವಾದ ಮೇಲೆ ಆ ಸುಳ್ಳನ್ನು ತಿದ್ದುವವರೂ ಇರುವುದಿಲ್ಲ. ಆದಕಾರಣ ವಿವರವೆಂಬುದು ಅಲಂಕಾರಮಾತ್ರವಲ್ಲ, ಹೊಣೆಯೂ ಹೌದು.

ನಮ್ಮ ಶಾಲೆಗಳ ವಸ್ತುಪ್ರದರ್ಶನಗಳಲ್ಲಿಯೂ ಮಕ್ಕಳು ರಟ್ಟಿನ ಮನೆಗಳನ್ನು ಮಾಡುತ್ತಾರೆ. ಅವುಗಳಿಗೆ ಪ್ರಮಾಣವೊಂದನ್ನು ಗೊತ್ತುಮಾಡಿ, ತಮ್ಮೂರಿನ ಒಂದು ತೊಟ್ಟಿಮನೆಯನ್ನೋ, ನಾಡಹೆಂಚಿನ ಮನೆಯನ್ನೋ ಅಡಿಕೋಲು ಹಿಡಿದು ಅಳೆಯಿಸಿ ಮಾಡಿಸಿದರೆ ಗಣಿತವೂ ಚರಿತ್ರೆಯೂ ಕೈಕಸಬೂ ಒಂದೆಡೆ ಕೂಡುತ್ತವೆ. ಬೇಕಾಗುವ ಸಾಮಗ್ರಿ ರಟ್ಟು, ಕತ್ತರಿ, ಅಂಟು, ಬಣ್ಣ. ಅದಕ್ಕಿಂತ ಮಿಗಿಲಾಗಿ, ಬೇಸರಿಸದೆ ನೋಡುವ ಕಣ್ಣು. ಕಂಬದ ಬೋದಿಗೆಯನ್ನು ಅಳೆದು ಬಿಡಿಸಿದ ಬಾಲಕನು ಮುಂದೆಂದೂ ಅದನ್ನು ನೋಡದೆ ಹಾದುಹೋಗಲಾರನು. ಆ ಮನೆ ನಾಳೆ ಬಿದ್ದುಹೋದರೂ ಅದರ ಅಳತೆ ಶಾಲೆಯಲ್ಲಿ ಉಳಿಯುತ್ತದೆ.