ತೊರೆಯ ಲೆಕ್ಕ ಇಡುವ ಕೊವೀಟಾ ಕಾಡು

ಬೆಟ್ಟದಿಂದ ಇಳಿಯುವ ತೊರೆಗೆ ಅಡ್ಡಲಾಗಿ ಕಾಂಕ್ರೀಟ್ ಕಟ್ಟೆ. ಅದರ ನಡುವೆ ‘ವಿ’ ಆಕಾರದಲ್ಲಿ ಕತ್ತರಿಸಿದ ಲೋಹದ ತಗಡು. ಆ ಸೀಳಿನ ಮೂಲಕ ಧುಮುಕುವ ನೀರಿನ ಮಟ್ಟವನ್ನು ಪಕ್ಕದ ಉಪಕರಣ ಹಗಲಿರುಳೂ ದಾಖಲಿಸುತ್ತದೆ. ಸೀಳಿನ ತಳ ಕಿರಿದು, ಹಾಗಾಗಿ ಸಣ್ಣ ಹರಿವೂ ಲೆಕ್ಕ ತಪ್ಪದು. ಮೇಲ್ಭಾಗ ಅಗಲ, ಬಿರುಮಳೆಯ ನೀರಿಗೂ ಎಡೆಯುಂಟು.

ಇದು ಅಮೆರಿಕದ ನಾರ್ತ್ ಕೆರೊಲಿನಾದ ಕೊವೀಟಾ. ಅಮೆರಿಕದ ಅರಣ್ಯ ಇಲಾಖೆ 1934ರಲ್ಲಿ ಆರಂಭಿಸಿದ ಈ ಸಂಶೋಧನಾ ಕಾಡು, ಅರಣ್ಯ ಜಲಾನಯನದ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರಾದ ಪಾಠಶಾಲೆ. ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಅಕ್ಕಪಕ್ಕದ ಎರಡು ಕಣಿವೆಗಳ ಹರಿವನ್ನು ಕೆಲವು ವರ್ಷ ಅಳೆದು ಅವುಗಳ ಸಂಬಂಧ ತಿಳಿದುಕೊಳ್ಳುತ್ತಾರೆ. ನಂತರ ಒಂದನ್ನು ಮುಟ್ಟದೆ ಬಿಟ್ಟು ಇನ್ನೊಂದರಲ್ಲಿ ಮರ ಕಡಿಯುತ್ತಾರೆ, ಇಲ್ಲವೇ ಬೇರೆ ಜಾತಿಯ ಗಿಡ ನೆಡುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸವೇ ಉತ್ತರ.

1940ರಲ್ಲಿ ಒಂದು ಕಣಿವೆಯ ಇಳಿಜಾರಿನಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ದನ ಮೇಯಿಸಿದರು. ಮಣ್ಣು ಕೊಚ್ಚಿಹೋಯಿತು. ಇದು ನಿರೀಕ್ಷಿತವೇ.

ಅಚ್ಚರಿ ಕಾದಿದ್ದು ಹದಿನೇಳನೆಯ ಸಂಖ್ಯೆಯ ಕಣಿವೆಯಲ್ಲಿ. ಎಲೆ ಉದುರಿಸುವ ಸಹಜ ಕಾಡಿದ್ದ ಜಾಗದಲ್ಲಿ 1956ರಲ್ಲಿ ಬಿಳಿ ಪೈನ್ ನೆಟ್ಟಿದ್ದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ತೊರೆಯ ವಾರ್ಷಿಕ ಹರಿವು ಸುಮಾರು ಶೇ 20ರಷ್ಟು ಇಳಿದಿತ್ತು. ಚಳಿಗಾಲದಲ್ಲೂ ಹಸಿರಾಗಿರುವ ಪೈನ್ ಎಲೆಗಳು ಮಳೆಯನ್ನು ಮೇಲೆಯೇ ತಡೆದು ಆವಿಯಾಗಿಸುತ್ತವೆ. ಬೇರುಗಳು ಹೆಚ್ಚು ಕಾಲ ನೀರು ಹೀರುತ್ತವೆ. 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ, ಯಾವ ಮರ ಎಂಬ ಪ್ರಶ್ನೆಯನ್ನು ಜಲಾನಯನ ನಿರ್ವಹಣೆಯ ನಡುಮಧ್ಯಕ್ಕೆ ತಂದಿತು.

ಆ ಪ್ರಶ್ನೆ ನಮ್ಮ ಉತ್ತರ ಕನ್ನಡಕ್ಕೂ ಸೇರಿದ್ದು. ಅಲ್ಲಿನ ಬೋಳುಬೆಟ್ಟಗಳಲ್ಲಿ ಅಕೇಶಿಯಾ ಬೆಳೆಸಿದ ದಶಕಗಳ ಬಳಿಕ, ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ಸಂಗಡಿಗರು ಸಹಜ ಕಾಡು, ಹಾಳಾದ ಕಾಡು, ಅಕೇಶಿಯಾ ನೆಡುತೋಪು ಮೂರರಲ್ಲೂ ಹಳ್ಳಗಳನ್ನು ಅಳೆದರು. ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹಾಳಾದ ಕಾಡಿನಲ್ಲಿ ಮಳೆನೀರಿನ ದೊಡ್ಡ ಪಾಲು ಹರಿದೋಡುತ್ತಿತ್ತು. ಸಹಜ ಕಾಡಿನ ಸಡಿಲ ಮಣ್ಣು ಹೆಚ್ಚು ನೀರನ್ನು ಇಂಗಿಸಿಕೊಳ್ಳುತ್ತಿತ್ತು. ಮರ ಹೀರುವುದೆಷ್ಟು, ಮಣ್ಣು ಇಂಗಿಸುವುದೆಷ್ಟು ಎಂಬ ಎರಡೂ ಲೆಕ್ಕ ಸೇರಿದಾಗಲೇ ಕಾಡಿನ ಪುನಶ್ಚೇತನದ ಫಲ ಗೊತ್ತಾಗುವುದು.

ವನಮಹೋತ್ಸವದ ವರದಿಗಳಲ್ಲಿ ನೆಟ್ಟ ಸಸಿಗಳ ಸಂಖ್ಯೆಯಷ್ಟೇ ಇದ್ದರೆ ಈ ಲೆಕ್ಕ ಸಿಗದು. ಮಲೆನಾಡಿನ ಆಯ್ದ ಕೆಲವು ಹಳ್ಳಗಳಲ್ಲಾದರೂ ಕೊವೀಟಾದಂಥ ಅಳತೆಗಟ್ಟೆಗಳು ಶಾಶ್ವತವಾಗಿ ಇರಬೇಕು. ಅರಣ್ಯಶಾಸ್ತ್ರದ ವಿದ್ಯಾರ್ಥಿಗಳ ತಂಡಗಳು ಒಂದರ ನಂತರ ಒಂದು ಬಂದು ಅವುಗಳ ದಾಖಲೆಯನ್ನು ಮುಂದುವರಿಸಬೇಕು.