ಯಂತ್ರದ ಬ್ಯಾಟರಿ ಚಾರ್ಜಿಂಗ್: ಮನೆಯಲ್ಲಿ ಇರಬೇಕಾದ ಎಚ್ಚರ

ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಮುನಿಗಳು ಪಾಲಿಸುವ ಆದಾನ-ನಿಕ್ಷೇಪಣ ಸಮಿತಿ. ಕಾರ್ಡ್‌ಲೆಸ್ ಡ್ರಿಲ್, ಗರಗಸ, ಹುಲ್ಲು ಕತ್ತರಿಸುವ ಯಂತ್ರ ಬಳಸುವ ಶ್ರಾವಕರ ಮನೆಗಳಲ್ಲೂ ಈ ಎಚ್ಚರ ಬೇಕು. ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗುವ ರೂಢಿ ಅಪಾಯಕಾರಿ.

18 ವೋಲ್ಟ್‌ನ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 5 ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಪ್ರತಿ ಸೆಲ್ ಸುಮಾರು 4.2 ವೋಲ್ಟ್ ತಲುಪಿದರೆ ಪೂರ್ತಿ ತುಂಬಿದಂತೆ. ಹೊಂದದ ಚಾರ್ಜರ್‌ನಿಂದ ಈ ಮಿತಿ ಮೀರಿದರೆ, ಅಥವಾ ಬಿದ್ದು ಪೆಟ್ಟಾದ ಸೆಲ್ ಒಳಗೇ ಶಾರ್ಟ್ ಆದರೆ, ಶಾಖ ತಾನಾಗಿಯೇ ಏರುತ್ತ ಹೋಗಿ ಬೆಂಕಿ ಹೊತ್ತಿಕೊಳ್ಳಬಹುದು. ಅದು ಪಕ್ಕದ ಸೆಲ್‌ಗಳಿಗೂ ಬೇಗ ಹರಡುತ್ತದೆ.

ಆದ್ದರಿಂದ ಯಂತ್ರದ ಜೊತೆ ಬಂದ ಚಾರ್ಜರ್ ಅನ್ನೇ ಬಳಸಬೇಕು. ಮನೆಯವರು ಎಚ್ಚರವಿರುವಾಗ, ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ, ಹಾಸಿಗೆ, ಕಾಗದ ಹಾಗೂ ಹೊರಹೋಗುವ ಬಾಗಿಲಿನಿಂದ ದೂರವಿಟ್ಟು ಚಾರ್ಜ್ ಮಾಡಬೇಕು. ಕೆಲಸ ಮಾಡಿ ಬಿಸಿಯಾದ ಬ್ಯಾಟರಿ ಮೊದಲು ತಣಿಯಬೇಕು. ತುಂಬಿದ ಮೇಲೆ ಪ್ಲಗ್ ತೆಗೆಯಬೇಕು.

ಉಬ್ಬಿದ, ಒಡೆದ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು, ಮನೆಯ ಕಸಕ್ಕೂ ಎಸೆಯಬಾರದು. ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು. ಬ್ಯಾಟರಿಯಿಂದ ಹೊಗೆ ಬಂದರೆ ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಬೇಕು.