ಸಂಚಾರಿ ಕುರಿಗಾರಿಕೆ: ಹೊಲ ಮತ್ತು ಮಂದೆಯ ಸಂಬಂಧದ ಸ್ಥಿತ್ಯಂತರ

ಉತ್ತರ ಕರ್ನಾಟಕದ ಒಣಭೂಮಿ ಪ್ರದೇಶದಲ್ಲಿ ಪಶುಪಾಲನೆ ಮತ್ತು ಬೇಸಾಯಗಳು ಪರಸ್ಪರ ಪೂರಕವಾಗಿ ಬೆಳೆದುಬಂದಿವೆ. ಕುರುಬ ಸಮುದಾಯದ ಸಂಚಾರಿ ಕುರಿಗಾರಿಕೆ ಇದಕ್ಕೆ ಉತ್ತಮ ನಿದರ್ಶನ. ಸುಗ್ಗಿ ಮುಗಿದ ಹೊಲಗಳಲ್ಲಿ ಹಗಲು ಕೂಳೆ ಮೇಯುವ ಕುರಿಗಳನ್ನು ರಾತ್ರಿ ಅಲ್ಲಿಯೇ ಮಂದೆ ನಿಲ್ಲಿಸಲಾಗುತ್ತದೆ. ಹಿಕ್ಕೆ ಮತ್ತು ಗಂಜಲ ಎರಡೂ ನೇರವಾಗಿ ಮಣ್ಣು ಸೇರುವುದರಿಂದ ರೈತನಿಗೆ ಗೊಬ್ಬರ ಸಾಗಿಸುವ ಖರ್ಚಿಲ್ಲ. ಪ್ರತಿಯಾಗಿ ಕುರಿಗಾಹಿಗೆ ಕಾಳು ಇಲ್ಲವೆ ಹಣ ಸಲ್ಲುತ್ತದೆ. ಮಂದೆಯ ಜಾಗವನ್ನು ಸರದಿಯಂತೆ ಬದಲಿಸಿದಾಗ ಗೊಬ್ಬರ ಹೊಲಕ್ಕೆಲ್ಲ ಹರಡುತ್ತದೆ.

ಈ ಅಲೆದಾಟಕ್ಕೆ ಒಗ್ಗಿದ ತಳಿ ದಖನಿ. ಅದರ ಒರಟು ಕಪ್ಪು ಉಣ್ಣೆಯೇ ಕಂಬಳಿ ನೇಯ್ಗೆಗೆ ಆಧಾರವಾಗಿತ್ತು. ಅಗ್ಗದ ಹೊದಿಕೆಗಳು ಬಂದು ಉಣ್ಣೆಯ ಬೇಡಿಕೆ ಕುಸಿದ ಮೇಲೆ ಮಾಂಸವೇ ಮುಖ್ಯ ಆದಾಯವಾಯಿತು. ಉಣ್ಣೆ ಕಡಿಮೆಯಿರುವ ಕೆಂಪು ಕುರಿಗಳತ್ತ ಒಲವು ಹೆಚ್ಚಿತು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ. ಎಂದರೆ ಕುರಿಗಾರಿಕೆ ನಶಿಸಿಲ್ಲ, ಅದರ ಉದ್ದೇಶ ಬದಲಾಗಿದೆ. ಮುಳ್ಳುಬೇಲಿಯ ಜಾಗಕ್ಕೆ ನೈಲಾನ್ ಬಲೆ ಬಂದಿದೆ. ಮುಂದಿನ ಹೊಲವನ್ನು ಗೊತ್ತುಮಾಡಲು ಮೊಬೈಲ್ ನೆರವಾಗುತ್ತಿದೆ.

ಸಲಕರಣೆಗಳನ್ನು ಬದಲಿಸಿಕೊಳ್ಳುವುದು ಸುಲಭ. ಮೇವಿನ ನೆಲವನ್ನು ಕಳೆದುಕೊಂಡರೆ ಪರ್ಯಾಯವಿಲ್ಲ. ಕಾಲುವೆ ನೀರಿನಿಂದ ಎರಡು ಬೆಳೆ ತೆಗೆಯುವೆಡೆ ಹೊಲ ತೆರವಾಗಿರುವ ಅವಧಿ ಕಿರಿದಾಗಿದೆ, ಗೋಮಾಳಗಳು ಒತ್ತುವರಿಯಾಗಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಸಂಚಾರಿ ಪಶುಪಾಲಕರ ಋತುಮಾನದ ಬಳಕೆಯನ್ನು ಮಾನ್ಯಮಾಡಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ಅರಣ್ಯ ಅವಲಂಬನೆಯನ್ನು ರುಜುವಾತುಪಡಿಸಬೇಕು. ನೆಲೆಯೂರಿನಿಂದ ದೂರವೇ ಬಹುಕಾಲ ಕಳೆಯುವವರಿಗೆ ಅಂತಹ ದಾಖಲೆ ಒದಗಿಸುವುದು ಕಷ್ಟ. ಮಂದೆಯ ದಾರಿ ಮುಚ್ಚಿದರೆ ಕುರಿಗಾಹಿಯ ಜೀವನೋಪಾಯದೊಡನೆ ಒಣಭೂಮಿ ರೈತನ ಮಣ್ಣಿನ ಫಲವತ್ತತೆಯೂ ಕುಂದುತ್ತದೆ ಎಂಬುದನ್ನು ಗಮನಿಸಬೇಕು.